ಟಾರ್ಗೆಟ್ ಹಂಚಿದರೆ ಕೆಲಸ ಹಂಚಿದಂತಾಯಿತೇ?

ಪುಣೆಯ ಅಂಗಡಿಕಾರನಿಗೆ ಗಿರಾಕಿ ಬಂದರೆ ಸಿಟ್ಟು ಬರುತ್ತದೆ ಎಂದು ಮುಂಬೈಯವರು ಚೇಷ್ಟೆ ಮಾಡುವುದುಂಟು. ಚಿತಳೆ ಬಂಧುಗಳ ಮಿಠಾಯಿ ಅಂಗಡಿ ದಶಕಗಳ ಕಾಲ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲೆಳೆದು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದದ್ದು ಆ ಚೇಷ್ಟೆಗೆ ಒಳ್ಳೆಯ ಬಂಡವಾಳವಾಗಿತ್ತು. ಅದೇ ಊರಿನಲ್ಲಿ ಈಗ ಆಕುರ್ಡಿಯ ಬಜಾಜ್ ಆಟೋ, ಪಿಂಪ್ರಿಯ ಟಾಟಾ ಮೋಟರ್ಸ್, ಚಾಕಣದ ಮರ್ಸಿಡಿಸ್ ಬೆಂಜ್, ವಿಮಾನ ನಗರದ ಬಜಾಜ್ ಫೈನಾನ್ಸ್, ಯರವಡಾದ ವಿಮಾ ಕಚೇರಿಗಳು, ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಗಳು ಇವೆ. ದೇಶದ ಯಾವುದೋ ಮೂಲೆಯಲ್ಲಿ ಒಬ್ಬ ಮಾರಾಟಗಾರ ಈ ತಿಂಗಳು ಎಷ್ಟು ಮಾರಬೇಕೆಂಬುದು ಇಲ್ಲಿನ ಕಚೇರಿಗಳಲ್ಲಿ ತೀರ್ಮಾನವಾಗುತ್ತದೆ. ಆ ತೀರ್ಮಾನವನ್ನು ಬೈಕಿನ ಮೇಲೆ ಹೊತ್ತು ತಿರುಗುವವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ನಮ್ಮ ಹುಡುಗರೂ ಸಾಕಷ್ಟು ಮಂದಿ ಇದ್ದಾರೆ. ಭೋಸರಿಯಲ್ಲಿ ಕಾರ್ಖಾನೆಗಳಿಗೆ ಕಂಪ್ರೆಸರ್ ಮಾರುವ ಇಂಡಿ ತಾಲ್ಲೂಕಿನ ಒಬ್ಬ ಹುಡುಗ ತನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿದ: “ಟಾರ್ಗೆಟ್ ಮ್ಯಾಗಿಂದ ಬರ್ತಾವ್ರೀ, ಗಿರಾಕಿ ಮಾತ್ರ ನಾವ ಹುಡುಕಬೇಕು.”

ಮಾರಾಟ ತಂಡಕ್ಕೆ ಗುರಿ ಇಡುವ ಇಡೀ ವಿದ್ಯೆಯ ತೊಡಕು ಆ ಮಾತಿನಲ್ಲಿದೆ. ಕಂಪನಿಗೆ ಒಂದು ಅಂಕಿ ಬೇಕು. ಅದನ್ನು ವಿಭಾಗಕ್ಕೆ, ವಿಭಾಗದಿಂದ ಪ್ರದೇಶಕ್ಕೆ, ಪ್ರದೇಶದಿಂದ ಮನುಷ್ಯನಿಗೆ ಭಾಗಿಸಿ ಕೊಡುತ್ತಾರೆ. ಭಾಗಾಕಾರ ಮುಗಿದ ಕೂಡಲೇ ಗುರಿ ನಿಗದಿಯಾಯಿತೆಂದು ಮೇಲಿನವರು ತಿಳಿಯುತ್ತಾರೆ. ಆದರೆ ಆ ಮನುಷ್ಯ ನಾಳೆ ಬೆಳಿಗ್ಗೆ ಯಾರ ಬಾಗಿಲಿಗೆ ಹೋಗಬೇಕು, ಯಾಕೆ ಹೋಗಬೇಕು ಎಂಬುದು ಆ ಹಾಳೆಯಲ್ಲಿರುವುದಿಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ಕಂಪನಿಗಳೂ ಪಂಡಿತರೂ ಈ ನಡುವಿನ ಕಂದಕವನ್ನು ಮುಚ್ಚಲು ಏನೇನು ಮಾಡಿದ್ದಾರೆ, ಎಲ್ಲಿ ಎಡವಿದ್ದಾರೆ ಎಂಬುದನ್ನು ಒಮ್ಮೆ ನೋಡಿಬರುವುದು ಇಲ್ಲಿನ ಉದ್ದೇಶ.

ಪುಣೆಯ ಮಟ್ಟಿಗೆ ಈ ಕಥೆ ಕನ್ನಡ ನೆಲದಿಂದಲೇ ಶುರುವಾಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಅಣ್ಣನ ಜೊತೆಗೂಡಿ ಸೈಕಲ್ ಅಂಗಡಿ ತೆರೆದರು. ಸೈಕಲ್ ಮಾರುವುದಷ್ಟೇ ಸಾಲಲಿಲ್ಲ, ಕೊಂಡವರಿಗೆ ಹೊಡೆಯುವುದನ್ನೂ ಕಲಿಸಬೇಕಾಯಿತು. ಆಮೇಲೆ ಮೇವು ಕತ್ತರಿಸುವ ಯಂತ್ರ, ಅದರ ಹಿಂದೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಆ ನೇಗಿಲನ್ನು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂಬುದು ಆ ಮನೆತನದ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಮಾತು. 1910ರಲ್ಲಿ ಔಂಧ್ ಸಂಸ್ಥಾನದ ಆಸರೆಯಲ್ಲಿ ಕುಂಡಲದ ಹತ್ತಿರ ಕಿರ್ಲೋಸ್ಕರವಾಡಿ ಎದ್ದಿತು. 1920ರಲ್ಲಿ ಶಂಕರರಾವ್ ಕಿರ್ಲೋಸ್ಕರ್ ‘ಕಿರ್ಲೋಸ್ಕರ್ ಖಬರ್’ ಎಂಬ ಪತ್ರಿಕೆ ತೆಗೆದರು. ಕಾರ್ಖಾನೆಯ ಸುದ್ದಿಯನ್ನು ಗಿರಾಕಿಗಳಿಗೆ ಮುಟ್ಟಿಸಲು ಹೊರಟ ಆ ಪತ್ರಿಕೆ ಮುಂದೆ ಮರಾಠಿಯ ಹೆಸರಾಂತ ಮಾಸಿಕವಾಯಿತು. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಬಂದವು.

ಈಗಿನ ಮಾರಾಟ ವ್ಯವಸ್ಥಾಪಕನ ಕಣ್ಣಿನಿಂದ ಆ ಎರಡು ವರ್ಷಗಳನ್ನು ನೋಡಿ. ಎಂಟು ತ್ರೈಮಾಸಿಕ, ಸಾಧನೆ ಸೊನ್ನೆ. ಯಾವ ಕಂಪನಿಯೂ ಅಂಥ ಮಾರಾಟಗಾರನನ್ನು ಮೂರನೆಯ ತಿಂಗಳು ದಾಟಗೊಡುವುದಿಲ್ಲ. ಆದರೆ ಆ ಅವಧಿಯಲ್ಲಿ ನಡೆದದ್ದು ಮಾರಾಟದ ಕೆಲಸವೇ: ರೈತನ ಭಯವನ್ನು ತೆಗೆಯುವ ಕೆಲಸ. ಫಲ ಎಣಿಸುವ ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಆ ಹಾಳೆಯನ್ನು ಕಂಡುಹಿಡಿದ ಕೀರ್ತಿ ಬಹುಮಟ್ಟಿಗೆ ಅಮೆರಿಕದ ಡೇಟನ್ ಊರಿನ ಜಾನ್ ಪ್ಯಾಟರ್ಸನ್‌ಗೆ ಸಲ್ಲಬೇಕು. 1884ರಲ್ಲಿ ಆತ ಕೊಂಡ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ ಪ್ರತಿ ಮಾರಾಟಗಾರನಿಗೂ ಇಂತಿಷ್ಟು ಪ್ರದೇಶ, ಆ ಪ್ರದೇಶದಿಂದ ಇಂತಿಷ್ಟು ಕೋಟಾ ಎಂಬ ಕಟ್ಟುಪಾಡು ಬಂತು. ಕೋಟಾ ಕೊಟ್ಟು ಆತ ಸುಮ್ಮನಾಗಲಿಲ್ಲ ಎಂಬುದನ್ನು ಗಮನಿಸಬೇಕು. ಅಂಗಡಿಗೆ ಕಾಲಿಟ್ಟಾಗ ಏನು ಹೇಳಬೇಕು, ಯಂತ್ರವನ್ನು ಹೇಗೆ ತೋರಿಸಬೇಕು ಎಂಬುದಕ್ಕೆ ಪುಸ್ತಕ ಮಾಡಿಸಿದ, ತರಬೇತಿ ಶಾಲೆ ತೆರೆದ. ಅಲ್ಲಿ ಪಳಗಿದ ಥಾಮಸ್ ವಾಟ್ಸನ್ ಮುಂದೆ ಐಬಿಎಂ ಕಟ್ಟಿದ. ಕೋಟಾ ಪೂರೈಸಿದವರಿಗೆಂದು ಐಬಿಎಂನಲ್ಲಿ ‘ಹಂಡ್ರೆಡ್ ಪರ್ಸೆಂಟ್ ಕ್ಲಬ್’ ಹುಟ್ಟಿತು. ನಮ್ಮ ಜೀವ ವಿಮಾ ನಿಗಮದ ಏಜೆಂಟರ ಚೇರ್ಮನ್ಸ್ ಕ್ಲಬ್, ಜೋನಲ್ ಮ್ಯಾನೇಜರ್ಸ್ ಕ್ಲಬ್ ಇವೆಲ್ಲ ಅದೇ ಬಳಗದವು. ಜಗತ್ತು ಪ್ಯಾಟರ್ಸನ್‌ನಿಂದ ಕೋಟಾವನ್ನು ತಪ್ಪದೆ ಕಲಿಯಿತು. ಪುಸ್ತಕವನ್ನೂ ಶಾಲೆಯನ್ನೂ ಅರ್ಧಂಬರ್ಧ ಕಲಿಯಿತು.

ಪುಣೆ ಮಾತ್ರ ಬಹುಕಾಲ ಈ ಎರಡರಿಂದಲೂ ಪಾರಾಗಿತ್ತು. ಲೈಸೆನ್ಸ್ ರಾಜ್ಯದ ದಿನಗಳಲ್ಲಿ ಬಜಾಜ್ ಸ್ಕೂಟರಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ, ಕೆಲವೊಮ್ಮೆ ಹತ್ತು ವರ್ಷದವರೆಗೂ ಕಾಯುತ್ತಿದ್ದರು. ಇಷ್ಟೇ ತಯಾರಿಸಬೇಕೆಂದು ಸರಕಾರವೇ ಮಿತಿ ಹಾಕಿತ್ತು. ಸ್ಕೂಟರ್ ಕೈಗೆ ಬಂದ ದಿನವೇ ಅದನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಬಹುದಿತ್ತು. ಅಂಥ ಕಾಲದಲ್ಲಿ ಡೀಲರನ ಕೆಲಸ ಸರತಿ ಕಾಯಿಸುವುದು, ಮಾರುವುದಲ್ಲ. 1984ರಲ್ಲಿ ಪುಣೆಯದೇ ಕೈನೆಟಿಕ್ ಹೋಂಡಾ ಬಂತು, ಹೀರೋ ಹೋಂಡಾ ಬಂತು, 1991ರ ನಂತರ ಬಾಗಿಲು ಪೂರ್ತಿ ತೆರೆಯಿತು, ಜನ ಸ್ಕೂಟರ್ ಬಿಟ್ಟು ಮೋಟರ್‌ಸೈಕಲ್ ಕಡೆ ಹೊರಳಿದರು. 2001ರಲ್ಲಿ ಪಲ್ಸರ್ ಬರುವ ಹೊತ್ತಿಗೆ ಆಕುರ್ಡಿಯವರೂ ಗಿರಾಕಿಯನ್ನು ಹುಡುಕಿಕೊಂಡು ಹೋಗುವವರಾಗಿದ್ದರು. ಭಾರತದಲ್ಲಿ ‘ಟಾರ್ಗೆಟ್’ ಮನೆಮಾತಾದದ್ದು ಈ ಹೊರಳುವಿಕೆಯ ಜೊತೆಗೆ. ಔಷಧಿ ಕಂಪನಿಯ ಎಂಆರ್, ವಿಮೆಯ ಏಜೆಂಟ್, ಸಾಬೂನಿನ ಸೇಲ್ಸ್‌ಮನ್ ಇವರಿಗೆ ಮಾತ್ರ ಗೊತ್ತಿದ್ದ ಈ ಪಿಡುಗು ಬ್ಯಾಂಕಿನ ಗುಮಾಸ್ತನವರೆಗೂ ಬಂದು ಮುಟ್ಟಿತು.

ಟಾರ್ಗೆಟ್ ಕೆಳಗಿಳಿಯುವ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಡಳಿತ ಮಂಡಳಿ ಈ ವರ್ಷ 100 ಕೋಟಿ ಎನ್ನುತ್ತದೆ. ರಾಷ್ಟ್ರೀಯ ಮುಖ್ಯಸ್ಥನಿಗೆ ಭಯ, ಎಲ್ಲಾದರೂ ಒಂದು ಕಡೆ ಕಡಿಮೆ ಬಿದ್ದರೆ? ಅವನು 105 ಹಂಚುತ್ತಾನೆ. ಅವನ ಕೆಳಗಿನ ಜೋನಲ್ ಮ್ಯಾನೇಜರನಿಗೂ ಅದೇ ಭಯ, ಅವನೂ ಶೇ. 5 ಸೇರಿಸುತ್ತಾನೆ. ರೀಜನಲ್ ಮ್ಯಾನೇಜರ್, ಏರಿಯಾ ಮ್ಯಾನೇಜರ್ ಕೂಡ ಹಾಗೆಯೇ. ಹೀಗೆ ನಾಲ್ಕು ಮೆಟ್ಟಿಲಿಳಿದು ಬೀದಿಯ ಮನುಷ್ಯನ ಕೈಗೆ ಬರುವಾಗ 100 ಎಂಬುದು 121 ದಾಟಿರುತ್ತದೆ. ಇದರ ಫಲ ವಿಚಿತ್ರ. ಕಂಪನಿ ತನ್ನ ಗುರಿ ಮುಟ್ಟುತ್ತದೆ, ಮೇಲಿನವರಿಗೆ ಬೋನಸ್ ಬರುತ್ತದೆ, ಆದರೆ ಅದನ್ನು ಮುಟ್ಟಿಸಿದ ಹುಡುಗರಲ್ಲಿ ಬಹುಪಾಲು ಮಂದಿ ಸಾಧನೆಯ ಪಟ್ಟಿಯಲ್ಲಿ ಕೆಂಪು ಬಣ್ಣದಲ್ಲಿರುತ್ತಾರೆ. ಯಾರೂ ಸುಳ್ಳು ಹೇಳಿಲ್ಲ, ಒಬ್ಬೊಬ್ಬರೂ ತಮ್ಮ ತಮ್ಮ ಭಯವನ್ನು ಕೆಳಗೆ ದಾಟಿಸಿದ್ದಾರೆ ಅಷ್ಟೆ.

ಪ್ರದೇಶದ ಲೆಕ್ಕವೂ ಹೀಗೆಯೇ ತಪ್ಪುತ್ತದೆ. ಪುಣೆಯಲ್ಲಿ ನಲ್ಲಿ, ಟೈಲ್ಸ್, ಬಣ್ಣ ಮಾರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬನಿಗೆ ವಾಕಡ, ತಾಥವಡೆ, ರಾವೇತ ಕಡೆಯ ಹೊಸ ಬಡಾವಣೆಗಳು. ಅಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಕ್ರೇನು. ಇನ್ನೊಬ್ಬನಿಗೆ ಸದಾಶಿವ ಪೇಠ, ಶನಿವಾರ ಪೇಠದ ಹಳೆಯ ವಾಡೆಗಳ ಓಣಿಗಳು. ಇಬ್ಬರಿಗೂ ‘ಹೋದ ವರ್ಷಕ್ಕಿಂತ ಶೇ. 15 ಹೆಚ್ಚು’ ಎಂದರೆ ಮೊದಲನೆಯವನು ಮಲಗಿ ಎದ್ದು ಮುಟ್ಟುತ್ತಾನೆ, ಎರಡನೆಯವನು ಚಪ್ಪಲಿ ಸವೆಸಿದರೂ ಮುಟ್ಟಲಾರ. ವರ್ಷದ ಅಂಕಿಯನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗಿಷ್ಟು ಎನ್ನುವುದು ಇನ್ನೂ ದೊಡ್ಡ ಪೆದ್ದುತನ. ಆಷಾಢಿ ವಾರಿಯ ಪಾಲಖಿಗಳು ಆಳಂದಿಯಿಂದಲೂ ದೇಹೂವಿನಿಂದಲೂ ಹೊರಟು ಪುಣೆಗೆ ಬಂದು ತಂಗಿದಾಗ ರಸ್ತೆಗಳು ಬಂದ್. ಗಣಪತಿಯ ಹತ್ತು ದಿನ ಪೇಠಗಳಲ್ಲಿ ಗಾಡಿ ನುಗ್ಗುವುದಿಲ್ಲ. ಅದರ ಬೆನ್ನಿಗೇ ಪಿತೃಪಕ್ಷ, ಆಗ ಹೊಸ ಗಾಡಿ ಯಾರೂ ತೆಗೆಯುವುದಿಲ್ಲ. ದಸರೆಗೆ ಮಾತ್ರ ಷೋರೂಮಿನ ಮುಂದೆ ಹೂವಿನ ಹಾರದ ರಾಶಿ. ಸೆಪ್ಟೆಂಬರಿಗೂ ಅಕ್ಟೋಬರಿಗೂ ಒಂದೇ ಅಂಕಿ ಕೊಟ್ಟವನು ಪಂಚಾಂಗ ನೋಡಿಲ್ಲ.

ಹಾಗಾದರೆ ಅಂಕಿಯನ್ನು ಕೆಲಸಕ್ಕೆ ಇಳಿಸುವುದೆಂದರೆ ಹೇಗೆ? ಭೋಸರಿಯ ಆ ಕಂಪ್ರೆಸರ್ ವ್ಯಾಪಾರವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ, ಅಂಕಿಗಳು ಉದಾಹರಣೆಗೆ ಮಾತ್ರ. ತಂಡಕ್ಕೆ ವರ್ಷಕ್ಕೆ 12 ಕೋಟಿ, ಜನ ಆರು, ತಲಾ 2 ಕೋಟಿ. ಬಹಳಷ್ಟು ಕಂಪನಿಗಳಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಮುಂದೆ ಹೋಗೋಣ. ಒಂದು ಆರ್ಡರಿನ ಸರಾಸರಿ ಮೊತ್ತ 8 ಲಕ್ಷವಾದರೆ ಒಬ್ಬನಿಗೆ 25 ಆರ್ಡರ್ ಬೇಕು. ನಾಲ್ಕು ಕೊಟೇಷನ್‌ಗೆ ಒಂದು ಆರ್ಡರ್ ಬೀಳುತ್ತದೆಂದರೆ 100 ಕೊಟೇಷನ್. ಮೂರು ಭೇಟಿಗೆ ಒಂದು ಕೊಟೇಷನ್ ಹುಟ್ಟುತ್ತದೆಂದರೆ 300 ಹೊಸ ಭೇಟಿ. ವರ್ಷದ ಕೆಲಸದ ದಿನ 280 ಎಂದಿಟ್ಟುಕೊಂಡರೆ ದಿನಕ್ಕೆ ಒಂದು ಭೇಟಿಗಿಂತ ಸ್ವಲ್ಪ ಹೆಚ್ಚು. ಕೇಳಲು ಸುಲಭ. ಆದರೆ ಅದೇ ಹುಡುಗ ಹಳೆಯ ಗಿರಾಕಿಯ ಬಾಕಿ ವಸೂಲಿಗೂ ಅಲೆಯಬೇಕು, ಕೆಟ್ಟು ನಿಂತ ಯಂತ್ರದ ದೂರನ್ನೂ ಕೇಳಬೇಕು, ಟೆಂಡರ್ ಕಾಗದವನ್ನೂ ತುಂಬಬೇಕು. ಅವನ ದಿನವನ್ನು ಬಿಡಿಸಿ ನೋಡಿದರೆ ಹೊಸ ಬಾಗಿಲು ತಟ್ಟಲು ಉಳಿಯುವುದು ಒಂದೂವರೆ ಗಂಟೆ. ಟಾರ್ಗೆಟ್ ಮುಟ್ಟದಿರುವುದಕ್ಕೆ ಕಾರಣ ಅವನ ಸೋಮಾರಿತನವೋ, ವಸೂಲಿಗೆ ಬೇರೆ ಜನ ಇಡದ ಕಂಪನಿಯ ಜಿಪುಣತನವೋ ಎಂಬುದು ಈ ಲೆಕ್ಕ ಹಾಕಿದ ಮೇಲೆ ತಾನೇ ಹೊರಬೀಳುತ್ತದೆ.

ಇನ್ನೊಂದು ಸಂಗತಿ. ಮೊದಲ ಭೇಟಿಯಿಂದ ಕೈಗೆ ಪರ್ಚೇಸ್ ಆರ್ಡರ್ ಬರಲು ಇಂಥ ಯಂತ್ರಗಳಲ್ಲಿ ನಾಲ್ಕು ತಿಂಗಳು ಹಿಡಿಯುತ್ತದೆ ಎಂದುಕೊಳ್ಳಿ. ಆಗ ಮಾರ್ಚಿನ ಅಂಕಿ ನವೆಂಬರಿನಲ್ಲೇ ತೀರ್ಮಾನವಾಗಿರುತ್ತದೆ. ದೀಪಾವಳಿ ಮುಗಿಸಿ ಆರಾಮಾಗಿದ್ದ ತಂಡವನ್ನು ಮಾರ್ಚಿನಲ್ಲಿ ದಿನಕ್ಕೆ ಮೂರು ಸಲ ಕಾನ್ಫರೆನ್ಸ್ ಕಾಲಿಗೆ ಎಳೆದರೆ ಏನೂ ಹುಟ್ಟುವುದಿಲ್ಲ, ರಿಯಾಯಿತಿ ಒಂದನ್ನು ಬಿಟ್ಟು.

ವಿದ್ವಾಂಸರ ಕಡೆ ತಿರುಗಿದರೆ, ಗುರಿಯ ಪರವಾಗಿ ಅತ್ಯಂತ ಗಟ್ಟಿಯಾಗಿ ನಿಂತವರು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್. ‘ಕೈಲಾದಷ್ಟು ಮಾಡಿ’ ಎನ್ನುವುದಕ್ಕಿಂತ ಖಚಿತವಾದ, ತುಸು ಕಷ್ಟದ ಗುರಿ ಕೊಟ್ಟರೆ ಜನ ಹೆಚ್ಚು ದುಡಿಯುತ್ತಾರೆ ಎಂಬುದು ಅವರ ಸಿದ್ಧಾಂತ. ಲಾಕ್‌ನ ಹೆಸರಾಂತ ಪ್ರಬಂಧ 1968ರದು. 1975ರಲ್ಲಿ ಪ್ರಕಟವಾದ ಲೇಥಮ್‌ನ ಒಂದು ಪ್ರಯೋಗ ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಅಮೆರಿಕದ ಒಕ್ಲಹೋಮಾದಲ್ಲಿ ಮರ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ತೂಕದ ಶೇ. 60ರಷ್ಟನ್ನು ಮಾತ್ರ ಹೇರಿಕೊಂಡು ಹೋಗುತ್ತಿದ್ದವು. ಚಾಲಕರಿಗೆ ಶೇ. 94ರ ಗುರಿ ಕೊಟ್ಟರು, ಹೆಚ್ಚಿನ ಕೂಲಿ ಏನೂ ಇಲ್ಲ. ಕೆಲವೇ ತಿಂಗಳಲ್ಲಿ ಹೇರು ಶೇ. 90ರ ಆಸುಪಾಸಿಗೆ ಬಂತು. ಮಾರಾಟದ ತರಬೇತಿಗಳಲ್ಲಿ ಈ ಕಥೆಯನ್ನು ಚಪ್ಪಾಳೆಗಾಗಿ ಹೇಳುತ್ತಾರೆ. ಆದರೆ ಹೇಳುವವರು ಒಂದನ್ನು ಮರೆಯುತ್ತಾರೆ. ಲಾರಿಗೆ ಎಷ್ಟು ಮರ ಹೇರಬೇಕೆಂಬುದು ಪೂರ್ತಿಯಾಗಿ ಚಾಲಕನ ಕೈಯಲ್ಲಿತ್ತು. ಗಿರಾಕಿ ಕೊಳ್ಳುವುದು ಬಿಡುವುದು ಮಾರಾಟಗಾರನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಭೇಟಿ, ತಯಾರಿ, ಮಾತು, ಮರುಭೇಟಿ. ಲಾಕ್-ಲೇಥಮರೂ ಮುಂದೆ ಇದನ್ನು ಒಪ್ಪಿಕೊಂಡರು: ಕೆಲಸ ಜಟಿಲವಾದಾಗ, ಹೊಸದಾದಾಗ, ಫಲದ ಗುರಿಗಿಂತ ಕಲಿಕೆಯ ಗುರಿಯೇ ಮೇಲು ಎಂದರು. ಹೊಸಬನಿಗೆ ಮೊದಲ ಮೂರು ತಿಂಗಳು ‘ಇಷ್ಟು ಲಕ್ಷ’ ಎನ್ನುವ ಬದಲು ‘ಈ ಮೂವತ್ತು ಕಾರ್ಖಾನೆಗಳಲ್ಲಿ ಕೊಳ್ಳುವ ತೀರ್ಮಾನ ಯಾರದು ಎಂದು ತಿಳಿದು ಬಾ’ ಎಂದರೆ ಲಾಭ ಹೆಚ್ಚು.

ಪೀಟರ್ ಡ್ರಕ್ಕರ್ 1954ರಲ್ಲಿ ಉದ್ದೇಶಗಳ ಮೂಲಕ ಆಡಳಿತ ಎಂದಾಗ ಅದರ ಜೊತೆಗೆ ಸ್ವನಿಯಂತ್ರಣ ಎಂಬುದನ್ನೂ ಸೇರಿಸಿ ಹೇಳಿದ್ದ. ಕೆಲಸ ಮಾಡುವವನೇ ತನ್ನ ಗುರಿ ಬರೆಯಬೇಕು, ಮೇಲಿನವನು ಒಪ್ಪಬೇಕು, ಅಂಕಿ ಅಂಶ ಮೊದಲು ಕೆಲಸ ಮಾಡುವವನ ಕೈಗೆ ಬರಬೇಕು ಎಂಬುದು ಅವನ ಮಾತಿನ ತಿರುಳು. ಕಂಪನಿಗಳು ಮೊದಲರ್ಧ ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟವು. ಇಂಟೆಲ್‌ನಲ್ಲಿ ಆಂಡಿ ಗ್ರೋವ್ ರೂಪಿಸಿದ, 1999ರಲ್ಲಿ ಜಾನ್ ಡೋರ್ ಗೂಗಲ್‌ಗೆ ಒಯ್ದ ಓಕೆಆರ್ (ಉದ್ದೇಶ ಮತ್ತು ಅದರ ಪ್ರಮುಖ ಫಲಿತಾಂಶಗಳು) ಪದ್ಧತಿ ಡ್ರಕ್ಕರನ ಮೊಮ್ಮಗು. ಹಿಂಜವಡಿಯಲ್ಲಿ ಈಗ ಅದರದೇ ಭಜನೆ. ಗುಣಮಟ್ಟದ ಗುರು ಎಡ್ವರ್ಡ್ಸ್ ಡೆಮಿಂಗ್ ಮಾತ್ರ ಕೋಟಾಗಳನ್ನೇ ಕಿತ್ತೊಗೆಯಿರಿ ಎಂದ. ಕಾರ್ಖಾನೆಗೆ ಆ ಮಾತು ಹೊಂದೀತು. ಕೋಟಾ ಇಲ್ಲದ ಮಾರಾಟ ತಂಡವನ್ನು ನಡೆಸುವುದು ನನ್ನ ಮಟ್ಟಿಗೆ ಕಷ್ಟವೇ.

ಡೆಮಿಂಗ್ ಸುಮ್ಮನೆ ಹೇಳಿದ್ದಲ್ಲ ಎನ್ನುವುದನ್ನು ಅರಿಯಲು ತಿಂಗಳ ಕೊನೆಯ ದಿನ ಭವಾನಿ ಪೇಠದ ಯಾವುದಾದರೂ ಬಿಸ್ಕತ್ತು ಸ್ಟಾಕಿಸ್ಟನ ಗೋದಾಮಿಗೆ ಹೋಗಿ ನಿಲ್ಲಬೇಕು. ಸಂಜೆ ಏಳು ಗಂಟೆ, ಸೇಲ್ಸ್ ಆಫೀಸರನ ಫೋನು ಬಿಡದೆ ಬಡಿದುಕೊಳ್ಳುತ್ತಿರುತ್ತದೆ. “ಶೇಠ್, ಇನ್ನೆರಡು ಲಕ್ಷದ ಬಿಲ್ ಹಾಕೋಣ, ಐದನೇ ತಾರೀಖು ವಾಪಸ್ ಎತ್ತಿಸ್ತೀನಿ.” ಶೇಠ್ ಮೇಲಿನ ಅಟ್ಟದವರೆಗೆ ಏರಿದ ಪೆಟ್ಟಿಗೆಗಳ ಕಡೆ ಕೈ ತೋರಿಸುತ್ತಾರೆ. ಕೊನೆಗೆ ಒಪ್ಪುತ್ತಾರೆ, ಯಾಕೆಂದರೆ ಮುಂದಿನ ಸ್ಕೀಮು ಇದೇ ಹುಡುಗನ ಕೈಯಿಂದ ಬರಬೇಕು. ಕಂಪನಿಯಿಂದ ಸ್ಟಾಕಿಸ್ಟನಿಗೆ ಹೋದದ್ದು ಪ್ರೈಮರಿ, ಸ್ಟಾಕಿಸ್ಟನಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಟಾರ್ಗೆಟ್ ಪ್ರೈಮರಿಯ ಮೇಲಿದ್ದರೆ ಸರಕು ಗೋದಾಮಿನಲ್ಲಿ ಕೊಳೆತರೂ ಸಾಧನೆ ನೂರಕ್ಕೆ ನೂರು.

ಇದು ಬರೀ ಬಿಸ್ಕತ್ತಿನ ಪಾಡಲ್ಲ. ನಮ್ಮ ಕಾರು ಕಂಪನಿಗಳು ಪ್ರತಿ ತಿಂಗಳು ಒಂದನೆಯ ತಾರೀಖು ‘ಮಾರಾಟ’ವೆಂದು ಸಾರುವ ಅಂಕಿ ಬಹುತೇಕ ಡೀಲರಿಗೆ ಕಳಿಸಿದ ಗಾಡಿಗಳದು. ಡೀಲರುಗಳ ಒಕ್ಕೂಟವಾದ ಫಾಡಾ 2024ರ ಅಕ್ಟೋಬರಿನಲ್ಲಿ ಹೇಳಿದ ಪ್ರಕಾರ ದೇಶದ ಷೋರೂಮು, ಯಾರ್ಡುಗಳಲ್ಲಿ ಸುಮಾರು 7.9 ಲಕ್ಷ ಕಾರುಗಳು ನಿಂತಿದ್ದವು, ಬೆಲೆ ಸುಮಾರು 79,000 ಕೋಟಿ ರೂಪಾಯಿ. 80ರಿಂದ 85 ದಿನ ಮಾರುವಷ್ಟು ದಾಸ್ತಾನು ಅದು. ಒಕ್ಕೂಟ ಕೇಳುತ್ತಿದ್ದದ್ದು 21 ದಿನದ್ದು. ಅಷ್ಟೂ ಗಾಡಿಗಳ ಮೇಲಿನ ಬಡ್ಡಿ ಡೀಲರನ ತಲೆಗೆ, ಅವುಗಳನ್ನು ಖಾಲಿ ಮಾಡುವ ಒತ್ತಡ ಷೋರೂಮಿನಲ್ಲಿ ಟೈ ಕಟ್ಟಿ ನಿಂತ ಹುಡುಗನ ತಲೆಗೆ.

ಅರ್ಥಶಾಸ್ತ್ರಜ್ಞರು ಇದನ್ನು ಅಳೆದಿದ್ದಾರೆ. ಕಂಪನಿಗಳ ಮಾರಾಟ ಹಣಕಾಸು ವರ್ಷದ ಕೊನೆಗೆ ಉಬ್ಬಿ ಹೊಸ ವರ್ಷದ ಮೊದಲಿಗೆ ಇಳಿಯುತ್ತದೆ ಎಂದು ಪಾಲ್ ಓಯರ್ 1998ರಲ್ಲಿ ತೋರಿಸಿದರು. ದೊಡ್ಡದೊಂದು ಸಾಫ್ಟ್‌ವೇರ್ ಕಂಪನಿಯ ಮಾರಾಟಗಾರರು ತಮ್ಮ ಕಮಿಷನ್ನಿಗೆ ಅನುಕೂಲವಾದ ತ್ರೈಮಾಸಿಕಕ್ಕೆ ಆರ್ಡರ್ ಎಳೆದು ತರಲು ಕೊಡುವ ರಿಯಾಯಿತಿಯಿಂದ ಆದಾಯದ ಶೇ. 6ರಿಂದ 8ರಷ್ಟು ಸೋರಿಹೋಗುತ್ತಿತ್ತು ಎಂದು ಇಯಾನ್ ಲಾರ್ಕಿನ್ 2014ರಲ್ಲಿ ಲೆಕ್ಕ ಕೊಟ್ಟರು. ಇದರ ತಿರುವುಮುರುವೂ ಉಂಟು. ಈ ವರ್ಷ ಹೆಚ್ಚು ಮಾರಿದವನಿಗೆ ಮುಂದಿನ ವರ್ಷದ ಟಾರ್ಗೆಟ್ ಅಲ್ಲಿಂದಲೇ ಶುರುವಾಗುತ್ತದೆ, ಹಾಗಾಗಿ ಅವನು ಬೇಕೆಂದೇ ಕೈ ಬಿಗಿಹಿಡಿಯುತ್ತಾನೆ. ಸೋವಿಯತ್ ಕಾರ್ಖಾನೆಗಳ ಈ ರೋಗವನ್ನು ಮಾರ್ಟಿನ್ ವೈಟ್ಸ್‌ಮನ್ 1980ರಲ್ಲಿ ಗಣಿತದಲ್ಲಿ ಬಿಡಿಸಿಟ್ಟರು. ಪುಣೆಯ ಹುಡುಗನಿಗೆ ಗಣಿತ ಬೇಕಿಲ್ಲ. ಮಾರ್ಚ್ 25ಕ್ಕೆ ಟಾರ್ಗೆಟ್ ಮುಟ್ಟಿತೆಂದರೆ ಉಳಿದ ಆರ್ಡರುಗಳನ್ನು ಜೇಬಿನಲ್ಲಿಟ್ಟುಕೊಂಡು ಏಪ್ರಿಲ್ ಒಂದಕ್ಕೆ ತೆಗೆಯುವುದು ಅವನಿಗೆ ಚೆನ್ನಾಗಿ ಗೊತ್ತು.

ತಂಡ ಮತ್ತು ವ್ಯಕ್ತಿಯ ಪ್ರಶ್ನೆ ಇನ್ನೂ ಸಿಕ್ಕು. ಗುರಿಯನ್ನು ತಂಡಕ್ಕೆ ಮಾತ್ರ ಕೊಟ್ಟರೆ ನಾಲ್ವರು ದುಡಿಯುತ್ತಾರೆ, ಇಬ್ಬರು ಅವರ ನೆರಳಿನಲ್ಲಿ ಕೂರುತ್ತಾರೆ. ವ್ಯಕ್ತಿಗೆ ಮಾತ್ರ ಕೊಟ್ಟರೆ ಪಕ್ಕದವನ ಗಿರಾಕಿ ಫೋನ್ ಮಾಡಿದರೂ ಯಾರೂ ಎತ್ತುವುದಿಲ್ಲ. ಬೆಂಗ್ಟ್ ಹೋಲ್ಮ್‌ಸ್ಟ್ರಾಮ್ 1982ರಲ್ಲಿ ಮೊದಲನೆಯದನ್ನೂ, 1991ರಲ್ಲಿ ಪಾಲ್ ಮಿಲ್ಗ್ರಾಮ್ ಜೊತೆ ಎರಡನೆಯದರ ಹತ್ತಿರದ್ದನ್ನೂ ವಿವರಿಸಿದರು: ಹಲವು ಕೆಲಸಗಳಲ್ಲಿ ಅಳೆಯಲು ಸುಲಭವಾದ ಒಂದಕ್ಕೆ ಮಾತ್ರ ಹಣ ಕಟ್ಟಿದರೆ ಉಳಿದವು ಬಡವಾಗುತ್ತವೆ. ಹೋಲ್ಮ್‌ಸ್ಟ್ರಾಮ್‌ಗೆ 2016ರ ನೊಬೆಲ್ ಬಂತು. ಚಾಕಣದ ಒಂದು ಕಾರು ಕಾರ್ಖಾನೆಗೆ ಬಿಡಿಭಾಗ ಮಾರುವುದನ್ನೇ ನೋಡಿ. ಅಲ್ಲಿನ ಎಂಜಿನಿಯರರನ್ನು ಒಲಿಸಿದವನು ಪುಣೆಯ ಹುಡುಗ, ಖರೀದಿಯ ಸಹಿ ಬೀಳುವುದು ಬೇರೊಂದು ಊರಿನ ಕೇಂದ್ರ ಕಚೇರಿಯಲ್ಲಿ, ಮಾದರಿ ತಯಾರಿಸಿ ಪಾಸು ಮಾಡಿಸಿದ್ದು ತಾಂತ್ರಿಕ ವಿಭಾಗದವರು. ಆರ್ಡರ್ ಯಾರ ಖಾತೆಗೆ? ಹಲವು ಕಂಪನಿಗಳು ಎರಡೂ ಊರಿನ ಮಾರಾಟಗಾರರಿಗೆ ಪೂರ್ತಿ ಅಂಕ ಕೊಟ್ಟು ಜಗಳ ಮುಗಿಸುತ್ತವೆ, ತಾಂತ್ರಿಕ ವಿಭಾಗದವನಿಗೆ ಒಂದು ಮೇಲ್‌ನಲ್ಲಿ ಅಭಿನಂದನೆ ಹೇಳುತ್ತವೆ. ಮುಂದಿನ ಸಲ ಆತ ಮಾದರಿಯನ್ನು ಒಂದು ವಾರ ತಡವಾಗಿ ಕೊಟ್ಟರೆ ಅಚ್ಚರಿಪಡಬೇಕಾಗಿಲ್ಲ. ದೊಡ್ಡ ಗಿರಾಕಿಗಳ ವ್ಯವಹಾರದಲ್ಲಿ ಇನ್ಸೆಂಟಿವ್‌ನ ಒಂದು ಭಾಗ ತಂಡದ್ದಾಗಿ, ಅದರಲ್ಲಿ ಸರ್ವಿಸ್ ಮತ್ತು ತಾಂತ್ರಿಕ ಜನರಿಗೂ ಪಾಲಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅಂಗಡಿಯಿಂದ ಅಂಗಡಿಗೆ ತಿರುಗುವ ಬೀಟ್ ಕೆಲಸದಲ್ಲಿ ಮಾತ್ರ ವ್ಯಕ್ತಿಯ ಗುರಿ ನ್ಯಾಯವಾಗಿ ಕೂರುತ್ತದೆ.

ಗುರಿ ಹದ ತಪ್ಪಿದರೆ ಅದರ ಬೆಲೆಯನ್ನು ಮೊದಲು ತೆರುವವನು ಗಿರಾಕಿ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಒಬ್ಬ ಗ್ರಾಹಕನಿಗೆ ಎಂಟು ಉತ್ಪನ್ನ ಮಾರಬೇಕೆಂದು ಪಟ್ಟು ಹಿಡಿದಿತ್ತು. ನೌಕರರು ಗ್ರಾಹಕರಿಗೆ ಗೊತ್ತಿಲ್ಲದಂತೆ ಲಕ್ಷಗಟ್ಟಲೆ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ 18.5 ಕೋಟಿ ಡಾಲರ್ ದಂಡ, ಸುಮಾರು 5,300 ನೌಕರರ ವಜಾ. 2020ರಲ್ಲಿ ಮತ್ತೆ 300 ಕೋಟಿ ಡಾಲರಿನ ಇತ್ಯರ್ಥ. ನಮ್ಮಲ್ಲಿ ಸಾಲ ಕೇಳಲು ಹೋದವನ ಕೈಗೆ ವಿಮೆಯ ಫಾರಂ ಬರುವುದು ಎಲ್ಲರಿಗೂ ಗೊತ್ತು. ಬ್ಯಾಂಕುಗಳು ತಮ್ಮ ಮೂಲ ಕೆಲಸದ ಕಡೆ ಗಮನ ಕೊಡಲಿ, ವಿಮೆಯನ್ನು ತಪ್ಪಾಗಿ ಮಾರಿದರೆ ಸಾಲ ತೆಗೆದುಕೊಳ್ಳುವವರ ಹೊರೆ ಹೆಚ್ಚುತ್ತದೆ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ನವೆಂಬರಿನಲ್ಲಿ ಹೇಳಬೇಕಾಯಿತು. ಆನ್‌ಲೈನ್ ಪಾಠ ಮಾರುತ್ತಿದ್ದ ಬೆಂಗಳೂರಿನ ಬೈಜೂಸ್ ಕಂಪನಿಯ ಮಾರಾಟದ ರೀತಿಯ ಬಗ್ಗೆ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2022ರ ಡಿಸೆಂಬರಿನಲ್ಲಿ ಸಮನ್ಸ್ ಕಳಿಸಿದ್ದೂ ನೆನಪಿರಬಹುದು. ಈ ವಿಷಯದಲ್ಲಿ ವಿಮೆಯವರ ಹತ್ತಿರವೇ ಒಂದು ಒಳ್ಳೆಯ ಅಳತೆ ಇದೆ. 13ನೆಯ, 25ನೆಯ, 61ನೆಯ ತಿಂಗಳಲ್ಲಿ ಎಷ್ಟು ಪಾಲಿಸಿಗಳು ಇನ್ನೂ ಜೀವಂತವಾಗಿವೆ ಎಂದು ಅವರು ಎಣಿಸುತ್ತಾರೆ. ಮಾರಿದವನ ಇನ್ಸೆಂಟಿವ್‌ನ ದೊಡ್ಡ ಪಾಲನ್ನು ಮೊದಲ ತಿಂಗಳ ಚೆಕ್‌ನಿಂದ ಬಿಡಿಸಿ ಆ 13ನೆಯ ತಿಂಗಳಿಗೆ ಕಟ್ಟಿದರೆ ಸುಳ್ಳು ಮಾರಾಟದ ಅರ್ಧ ಬೇರು ಒಣಗುತ್ತದೆ.

ಎರಡನೆಯ ಬೆಲೆ ತೆರುವವನು ಮಾರುವವನೇ. 2023ರ ಜೂನಿನಲ್ಲಿ ಕೋಲ್ಕತ್ತಾದ ಖಾಸಗಿ ಬ್ಯಾಂಕೊಂದರ ಅಧಿಕಾರಿ ಆನ್‌ಲೈನ್ ಸಭೆಯಲ್ಲಿ ಕೈಕೆಳಗಿನವರನ್ನು ಟಾರ್ಗೆಟ್‌ಗಾಗಿ ಬಾಯಿಗೆ ಬಂದಂತೆ ಬೈದ ವಿಡಿಯೊ ದೇಶವೆಲ್ಲ ಹರಿದಾಡಿತು, ಆತ ಅಮಾನತಾದ. 2024ರಲ್ಲಿ ಝಾನ್ಸಿಯಲ್ಲಿ ಹಣಕಾಸು ಕಂಪನಿಯ ಏರಿಯಾ ಮ್ಯಾನೇಜರ್ ಒಬ್ಬರು ವಸೂಲಿ ಟಾರ್ಗೆಟ್‌ನ ಒತ್ತಡವನ್ನು ಬರೆದಿಟ್ಟು ಜೀವ ಕಳೆದುಕೊಂಡರು. 2025ರ ಜುಲೈನಲ್ಲಿ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಸರಕಾರಿ ಬ್ಯಾಂಕೊಂದರ ಶಾಖಾ ಮುಖ್ಯಸ್ಥರು ಕೆಲಸದ ಒತ್ತಡವನ್ನು ಕಾರಣವಾಗಿ ಬರೆದು ಶಾಖೆಯಲ್ಲೇ ಪ್ರಾಣ ಬಿಟ್ಟರು. ಒಬ್ಬೊಬ್ಬರ ಬದುಕಿನಲ್ಲಿ ಬೇರೆ ಬೇರೆ ಕಾರಣಗಳೂ ಇದ್ದಾವು, ಅದನ್ನು ಅಳೆಯಲು ನಾವು ಯಾರೂ ಅಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ವಾಟ್ಸ್ಯಾಪ್ ಗುಂಪಿನಲ್ಲಿ ಹೆಸರು ಹೆಸರಿನ ಮುಂದೆ ಕೆಂಪು-ಹಸಿರು ಬಣ್ಣ ಹಚ್ಚಿದ ಪಟ್ಟಿ, ಸಂಜೆ ಏಳಕ್ಕೆ ‘ಸೊನ್ನೆಯವರು ಕಾರಣ ಹೇಳಿ’ ಎಂಬ ಸಂದೇಶ, ಇವನ್ನು ಗುರಿ ನಿರ್ವಹಣೆ ಎಂದು ಕರೆಯುವುದನ್ನು ನಾನಂತೂ ಒಪ್ಪಲಾರೆ.

ಕಾನೂನು ಈ ಜಾಗಕ್ಕೆ ತಡವಾಗಿ, ತಡವರಿಸುತ್ತ ಬಂದಿದೆ. 1976ರ ಸೇಲ್ಸ್ ಪ್ರೊಮೋಷನ್ ಎಂಪ್ಲಾಯೀಸ್ ಕಾಯ್ದೆ ಮೊದಲು ಔಷಧಿ ಕಂಪನಿಯ ಪ್ರತಿನಿಧಿಗಳಿಗೆ ನೇಮಕಾತಿ ಪತ್ರ, ರಜೆ ಇತ್ಯಾದಿ ಖಾತ್ರಿ ಕೊಟ್ಟಿತು, ಆಮೇಲೆ ಬಿಸ್ಕತ್ತು, ಬಣ್ಣ, ವಾಹನ ಮುಂತಾದ ಉದ್ಯಮಗಳಿಗೂ ಹಬ್ಬಿತು. 1994ರಲ್ಲಿ ಎಚ್.ಆರ್. ಅಡ್ಯಂತಾಯ ಮತ್ತು ಸ್ಯಾಂಡೋಜ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಎಂಆರ್‌ಗಳು ‘ಕಾರ್ಮಿಕ’ರಲ್ಲ ಎಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಕಾರ್ಮಿಕರ ವ್ಯಾಖ್ಯೆಯೊಳಗೆ ಇವರನ್ನು ಹೆಸರಿಟ್ಟು ಸೇರಿಸಿವೆ. ಆದರೆ ಹಳೆಯ ಕಾಯ್ದೆಯಲ್ಲಾಗಲಿ ಹೊಸ ಸಂಹಿತೆಯಲ್ಲಾಗಲಿ ಟಾರ್ಗೆಟ್ ಎಷ್ಟಿರಬಹುದು, ಹೇಗೆ ನಿಗದಿಯಾಗಬೇಕು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಬಹುಶಃ ಇರಲೂ ಸಾಧ್ಯವಿಲ್ಲ. ಪ್ರತಿ ಓಣಿಯ ವ್ಯಾಪಾರವನ್ನು ಸಂಸತ್ತು ಅಳೆಯಲಾರದು.

ಹಾಗಾಗಿ ಅಳೆಯುವ ಕೆಲಸ ಕಂಪನಿಯೊಳಗೇ ಆಗಬೇಕು, ಅದೂ ಎರಡೂ ಕಡೆಯಿಂದ. ಮೇಲಿನಿಂದ ಅಂಕಿ ಬರಲಿ, ಕಂಪನಿಗೆ ಸಂಬಳ ಕೊಡಬೇಕಲ್ಲ. ಆದರೆ ಅದೇ ವಾರ ಕೆಳಗಿನಿಂದಲೂ ಒಂದು ಹಾಳೆ ಬರಲಿ: ನನ್ನ ಪ್ರದೇಶದಲ್ಲಿ ಇಷ್ಟು ಗಿರಾಕಿ, ಇಷ್ಟು ಹೊಸ ಕಟ್ಟಡ, ಇಂಥ ತಿಂಗಳು ಇಳಿತ, ಇಷ್ಟು ಭೇಟಿ ನನ್ನಿಂದ ಸಾಧ್ಯ. ಎರಡು ಹಾಳೆಗಳ ನಡುವಿನ ಅಂತರವೇ ನಿಜವಾದ ಚರ್ಚೆಯ ವಿಷಯ, ಅದನ್ನು ತುಂಬಲು ಜನ ಬೇಕೋ, ಬೆಲೆ ಬದಲಾಗಬೇಕೋ, ಗುರಿಯೇ ಇಳಿಯಬೇಕೋ ಎಂದು ಕೂತು ಮಾತಾಡಬೇಕು. ಮಾರಾಟ ವ್ಯವಸ್ಥಾಪಕನ ಸಂಬಳ ಇರುವುದು ಈ ಮಾತುಕತೆ ನಡೆಸುವುದಕ್ಕೆ. ಅಂಕಿಯನ್ನು ಭಾಗಿಸಿ ಮುಂದಕ್ಕೆ ಕಳಿಸಲು ಎಕ್ಸೆಲ್ ಸಾಕು.

ಪುಣೆಯಲ್ಲೋ ಬೆಂಗಳೂರಿನಲ್ಲೋ ಈ ಕೆಲಸದಲ್ಲಿರುವ ಓದುಗರಿಗೆ ಒಂದು ಮಾತು. ಬರುವ ಏಪ್ರಿಲ್‌ನಲ್ಲಿ ಟಾರ್ಗೆಟ್ ಪತ್ರ ಕೈಗೆ ಬಂದಾಗ ಒಪ್ಪಿಗೆಯ ಗುಂಡಿ ಒತ್ತುವ ಮುಂಚೆ ನಿಮ್ಮ ಪ್ರದೇಶದ ಹಿಂದಿನ ಮೂರು ವರ್ಷಗಳ ತಿಂಗಳುವಾರು ಅಂಕಿ ಕೇಳಿ ಪಡೆಯಿರಿ, ಅಂಕಿಯನ್ನು ಭೇಟಿಗಳಿಗೆ ಇಳಿಸಿ ನಿಮ್ಮ ಲೆಕ್ಕವನ್ನು ಬರಹದಲ್ಲಿ ಮ್ಯಾನೇಜರ್‌ಗೆ ಕಳಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಕ್ಟೋಬರಿನ ಪರಿಶೀಲನಾ ಸಭೆಯಲ್ಲಿ ಅದು ಕೆಲಸಕ್ಕೆ ಬರುತ್ತದೆ.